ನಿನ್ನ ನೋವು ನನ್ನ ಬೆರಳಿಗೆ ಬಂತು

ಹ್ಯಾನ್‌ಕಾಕ್, ಮಿಷಿಗನ್
ಸೋಮವಾರ, ಮಾರ್ಚ್ 11, 2019

ಪ್ರೀತಿಯ ಲೆಂಪಿ ಅಕ್ಕಾ,

ಹೇಗಿದ್ದೀಯಾ? ಅರಿಜೋನಾದ ಬಿಸಿಲು ನಿನ್ನ ಮಂಡಿಗಳಿಗೆ ಈಗಲೂ ಹಿತವಾಗಿದೆಯೇ? ಬೆಳಿಗ್ಗೆ ಎದ್ದ ಮೇಲೆ ಕೈ ಸಡಿಲವಾಗಲು ಎಷ್ಟು ಹೊತ್ತು ಬೇಕು? ಉಪಚಾರಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು ನನಗೆ. ಇಲ್ಲಿ ಹಿಮ ಇನ್ನೂ ಕಿಟಕಿಯವರೆಗೆ ನಿಂತಿದೆ. ನನ್ನ ಗಂಡ ಮಹಾಶಯ ರೇನೊ ದಿನವೂ ಹಿತ್ತಲ ಸೌನಾ ಸ್ನಾನದ ಮನೆಗೆ ದಾರಿ ಬಿಡಿಸುತ್ತಾ ಹಿಮವನ್ನು ಬೈಯುತ್ತಾನೆ.

ಮೊದಲು ಸಿಹಿ ಸುದ್ದಿ. ಇಪ್ಪತ್ತೆಂಟು ವರ್ಷ ಶಾಲಾ ಬಸ್ಸು ಓಡಿಸುತ್ತಾ ಕಿಟಕಿಯ ಬಿಸಿಲು ತಿಂದ ಎಡತೋಳಿನ ಮಚ್ಚೆ ಕ್ಯಾನ್ಸರ್ ಆದದ್ದು, ಶ್ವಾಸಕೋಶಕ್ಕೂ ಹಬ್ಬಿದ್ದು ನಿನಗೆ ಗೊತ್ತೇ ಇದೆ. ಅಲ್ಲಿದ್ದ ಎರಡು ಗಂಟುಗಳಲ್ಲಿ ಒಂದು ಮಾಯವಾಗಿದೆ, ಇನ್ನೊಂದು ಬಟಾಣಿ ಕಾಳಿನಷ್ಟಾಗಿದೆ! ಸ್ಕ್ಯಾನ್ ತೋರಿಸುವಾಗ ಡಾಕ್ಟರ್ ನಾಡೋ ಅವರಿಗೇ ನಗು ತಡೆಯಲಾಗುತ್ತಿರಲಿಲ್ಲ. ಇದು ಹೇಗಾಯಿತು ಎಂದು ಬಿಡದೆ ಕೇಳಿದೆ. ನಮ್ಮ ರಕ್ತದಲ್ಲಿ ಕಾವಲಿನ ಜೀವಕೋಶಗಳು ಸುತ್ತುತ್ತಿರುತ್ತವಂತೆ. ಸೋಂಕು ಹೊತ್ತು ಬಂದವರನ್ನು ಮುಗಿಸುವುದು ಅವುಗಳ ಕೆಲಸ. ಮನೆಯವರನ್ನೇ ಕೊಲ್ಲದಿರಲೆಂದು ಅವಕ್ಕೊಂದು ಬ್ರೇಕೂ ಇದೆ. ಕ್ಯಾನ್ಸರ್ ಎಂಥ ಕಳ್ಳ ನೋಡು, ಕಾವಲಿನವನು ಹತ್ತಿರ ಬಂದ ಕೂಡಲೇ ಅವನ ಬ್ರೇಕನ್ನೇ ಒತ್ತಿಬಿಡುತ್ತದೆ! ಮೂರು ವಾರಕ್ಕೊಮ್ಮೆ ನನಗೆ ಏರಿಸುತ್ತಿದ್ದ ಔಷಧಿ ಕ್ಯಾನ್ಸರನ್ನು ತಾನಾಗಿ ಕೊಲ್ಲುವುದಿಲ್ಲ. ಆ ಬ್ರೇಕು ಒತ್ತಲು ಬಿಡುವುದಿಲ್ಲ, ಅಷ್ಟೇ. "ಹಂಗಾದ್ರೆ ಬ್ರೇಕಿಲ್ದೆ ಬಸ್ಸು ಓಡಿಸ್ತಾ ಇದ್ದೀರಾ ಡಾಕ್ಟ್ರೇ?" ಎಂದೆ. "ಇಳಿಜಾರಲ್ಲಿ, ಅದೂ ಹಿಮದ ಮೇಲೆ," ಎಂದರು.

ಜನವರಿಯಲ್ಲಿ ಆ ಬಸ್ಸು ಜಾರಿತು. ಒಂದು ಬೆಳಿಗ್ಗೆ ಕಾಫಿ ಡಬ್ಬಿಯ ಮುಚ್ಚಳ ತಿರುಗಿಸಲಾಗಲಿಲ್ಲ. ಬೆರಳ ಗೆಣ್ಣುಗಳು ಊದಿ ಬಿಸಿಯಾಗಿದ್ದವು. ಆ ವಾರವೇ ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದಲು ಹೋಗಿ ಅತ್ತುಬಿಟ್ಟೆ, ಕ್ಯಾನ್ಸರಿಗೂ ಅಳದವಳು. ಕಾವಲಿನ ಕೋಶಗಳು ಈಗ ನನ್ನ ಕೀಲುಗಳ ಮೇಲೇ ಬಿದ್ದಿವೆಯಂತೆ. ನಿನ್ನ ಕೀಲುಗಳಲ್ಲಿ ಇಷ್ಟು ವರ್ಷ ನಡೆದದ್ದೂ ಹೆಚ್ಚುಕಡಿಮೆ ಇದೇ, ಯಾವ ಔಷಧಿಯೂ ಕೆಣಕದೆ, ತಾನಾಗಿಯೇ. "ಅಕ್ಕ ತಂಗಿ ಕೊನೆಗೂ ಒಂದು ವಿಷ್ಯದಲ್ಲಿ ಒಂದಾದ್ರಿ ಬಿಡು," ಎನ್ನುತ್ತಾ ರೇನೊ ಡಬ್ಬಿ ತೆಗೆದುಕೊಟ್ಟ.

ಡಾಕ್ಟರ್ ಸದ್ಯ ಆ ಔಷಧಿ ನಿಲ್ಲಿಸಿ ಊತಕ್ಕೆ ಮಾತ್ರೆ ಕೊಟ್ಟಿದ್ದಾರೆ. ಒಮ್ಮೆ ಎಚ್ಚೆತ್ತ ಕಾವಲು ಔಷಧಿಯಿಲ್ಲದೆಯೂ ಕ್ಯಾನ್ಸರನ್ನು ಹಿಡಿದಿಟ್ಟೀತು, ಇಡದೆಯೂ ಇದ್ದೀತು. ಮೇ ತಿಂಗಳ ಸ್ಕ್ಯಾನಿನಲ್ಲಿ ನೋಡೋಣ ಎನ್ನುತ್ತಾರೆ. ಹೆದರಿಕೆ ಇದೆ, ಇಲ್ಲವೆನ್ನಲಾರೆ. ಆದರೆ ಕುತೂಹಲ ಅದಕ್ಕಿಂತ ಜಾಸ್ತಿ. ನನ್ನನ್ನು ಉಳಿಸಿದ್ದೇ ನಿನ್ನನ್ನು ಇಷ್ಟು ಕಾಲ ಸವೆಸುತ್ತಾ ಬಂದಿದೆಯಲ್ಲಾ! ನಿನಗೆ ಮೊದಲು ಯಾವ ಬೆರಳು ನೋಯಿತು? ಕೋಟಿನ ಗುಂಡಿ ಹೇಗೆ ಹಾಕಿಕೊಳ್ಳುತ್ತಿದ್ದೆ? ಬಿಸಿನೀರು ಒಳ್ಳೆಯದೋ, ತಣ್ಣೀರೋ? ಎಲ್ಲಾ ಬರೆ. ಬರೆಯಲು ಕೈ ಬಾರದಿದ್ದರೆ ಫೋನು ಮಾಡು, ಬೈಯಲಿಕ್ಕಾದರೂ ಸರಿ.

ನಿನ್ನ ಮುದಿ ನಾಯಿಗೆ ನನ್ನ ಮುದ್ದು. ತಾನೂ ನಿನ್ನನ್ನು ಕೇಳಿದೆನೆಂದು ತಿಳಿಸಲು ರೇನೊ ಹೇಳಿದ್ದಾನೆ.

ನಿನ್ನ ತಂಗಿ,
ಮಾರ್ತಾ

ತಾ.ಕ.: ಚಿಕಿತ್ಸೆಗೆ ಮೊದಲು ಆಸ್ಪತ್ರೆಯಲ್ಲಿ ಒಂದು ಫಾರ್ಮ್ ತುಂಬಿಸಿಕೊಂಡಿದ್ದರು. ಮನೆತನದಲ್ಲಿ ಯಾರಿಗಾದರೂ ಇಂಥ ಕೀಲುಬೇನೆ ಇದೆಯೇ ಎಂದು ಕೇಳಿತ್ತು. "ಯಾರಿಗೂ ಇಲ್ಲ" ಎಂದು ಬರೆದಿದ್ದೆ. ಮರೆತು ಬರೆದದ್ದಲ್ಲ ಅಕ್ಕಾ. ನಿನ್ನ ಕಾಯಿಲೆಯನ್ನು ನಾನು ನಂಬಿರಲೇ ಇಲ್ಲ. ಅಮ್ಮ ಹಾಸಿಗೆ ಹಿಡಿದ ವರ್ಷ ಅವಳನ್ನು ಎತ್ತಿ ಕೂರಿಸಲು ನೀನು ಬರಲಿಲ್ಲವೆಂದು "ಅವಳದೆಲ್ಲಾ ನಾಟಕ" ಎಂದು ಚರ್ಚಿನಲ್ಲೆಲ್ಲಾ ಹೇಳಿಕೊಂಡು ಬಂದವಳು ನಾನೇ. ನಿನ್ನೆ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ, ನಾನು ಹೇಳಿದ್ದು ಸುಳ್ಳು ಎಂದು ಅದೇ ಜನಕ್ಕೆ ಹೇಳಿದೆ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಆ ಉತ್ತರದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನನ್ನ ಕೈಯಿಂದಲೇ ಬರೆದೆ: "ಇದೆ. ನನ್ನ ಅಕ್ಕ ಲೆಂಪಿಗೆ, ಹತ್ತೊಂಬತ್ತನೇ ವಯಸ್ಸಿನಿಂದ."