ಹನ್ನೆರಡು ಗೌರಿಯರ ಬೊಟ್ಟು

ಶಿವಾರಪಟ್ಟಣ, ಮಾಲೂರು ತಾಲ್ಲೂಕು
೧೩ ಅಕ್ಟೋಬರ್ ೨೦೨೫, ಸೋಮವಾರ

ಮುದ್ದಿನ ದಿವ್ಯಾ,

ಹೇಗಿದ್ದೀಯ? ಮುಂಬಯಿಯಲ್ಲಿ ಮಳೆ ನಿಂತಿತೇ? ನಿನ್ನೆ ಭಾನುವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ ಹಾಗಿತ್ತು. ದಿನವಿಡೀ ಕಾಮಿಕ್ಸ್ ಅಂಗಡಿಯ ಹಳೆಯ ಸಂಚಿಕೆಗಳ ದೂಳಿನಲ್ಲಿ ಕೂರುವವಳು ನೀನು, ಮಲಗುವ ಮುಂಚೆ ಬಿಸಿನೀರಿಗೆ ಒಂದಿಷ್ಟು ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಸೋಮಾರಿತನ ಮಾಡಬೇಡ. ಇಲ್ಲಿ ನಾವು ಮೂವರೂ ಕ್ಷೇಮ. ನಿಮ್ಮಪ್ಪನ ಕೆಮ್ಮು ಕಡಿಮೆಯಾಗಿದೆ. ವಿಗ್ರಹಕ್ಕೆ ಕಲ್ಲು ಕೊಯ್ಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಈಗಲೂ ಕೇಳುವುದಿಲ್ಲ, ನೀನು ಹೇಳಿದರೆ ಮಾತ್ರ ಎರಡು ದಿನ ಕಟ್ಟುತ್ತಾರೆ. ಅಜ್ಜಿಗೆ ಮಂಡಿನೋವು ಇದ್ದದ್ದೇ. ಆದರೂ ನಮ್ಮೆಲ್ಲರಿಗಿಂತ ಮುಂಚೆ ಎದ್ದು ಕಲ್ಲಿನ ಪುಡಿ ಏಳದಿರಲೆಂದು ಅಂಗಳಕ್ಕೆ ನೀರು ಚಿಮುಕಿಸುತ್ತಾರೆ. ಹೊಲದಲ್ಲಿ ರಾಗಿ ತೆನೆ ಕಟ್ಟುತ್ತಿದೆ. ಸಂಜೆ ಕಾಲೇಜಿನಿಂದ ಬರುವಾಗ ಬಸ್ಸಿಳಿದು ಆ ಬದುವಿನ ಮೇಲೇ ನಡೆದು ಬರುತ್ತೇನೆ.

ಈಗಿನ ಕಾಲದಲ್ಲಿ ಅಮ್ಮ ಕಾಗದ ಬರೆದಿದ್ದಾಳೆ ಎಂದು ನಿನಗೆ ಗಾಬರಿಯಾಗಿರಬಹುದು. ಯಾರಿಗೂ ಏನೂ ಆಗಿಲ್ಲ. ನಿನ್ನ ಫೋನು ಬಂದರೆ ಅಜ್ಜಿಯ ಕಿವಿಗಾಗಿ ಸ್ಪೀಕರ್ ಹಾಕಲೇಬೇಕು, ಹಾಕಿದರೆ ಈ ಮಾತು ಆಡಲು ಆಗುವುದಿಲ್ಲ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಎರಡು ಸಾಲು ಓದಿದ ಕೂಡಲೇ ನೀನು ಫೋನ್ ಮಾಡಿಬಿಡುತ್ತೀಯ. ಕಾಗದವನ್ನಾದರೆ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಓದಬೇಕಾಗುತ್ತದೆ. ನಿನ್ನ ಪುಸ್ತಕಗಳ ವಿಷಯ. ಕುಳಿತುಕೊಂಡು ಓದು.

ಮುಂಬಯಿಗೆ ಹೊರಡುವ ಮುಂಚೆ ನೀನು ಮಾರಲೆಂದು ಕೂಡಿಟ್ಟ ‘ಗಡಿ ಗೌರಿ’ ಕಾಮಿಕ್ಸಿನ ಮೊದಲ ಸಂಚಿಕೆಯ ಹನ್ನೆರಡು ಪ್ರತಿಗಳನ್ನು ಅಜ್ಜಿಯ ತಗಡಿನ ಟ್ರಂಕಿನಲ್ಲಿ ಇಟ್ಟು ಹೋದೆಯಲ್ಲ. ಕಲ್ಲಿನ ಪುಡಿ ನುಗ್ಗದ ಜಾಗ ಈ ಮನೆಯಲ್ಲಿ ಅದೊಂದೇ ಎಂದು ನೀನೇ ಕಂಡುಹಿಡಿದಿದ್ದೆ. ರೇಷ್ಮೆ ಸೀರೆಗಳ ಮೇಲೆ ಮಗುವನ್ನು ಮಲಗಿಸಿದಂತೆ ಮಲಗಿಸಿ, ‘ಬರಿಗೈಲಿ ಮುಟ್ಬೇಡಿ, ಕವರ್ ಬಿಚ್ಬೇಡಿ, ಮೇಲೆ ಏನೂ ಹೇರ್ಬೇಡಿ’ ಎಂದು ನನಗೂ ನಿಮ್ಮಪ್ಪನಿಗೂ ಪಾಠ ಹೇಳಿದೆ. ಅಜ್ಜಿಗೆ ಮಾತ್ರ ನಾವು ಯಾರೂ ಹೇಳಲಿಲ್ಲ. ಟ್ರಂಕು ಅಜ್ಜಿಯದು ಎಂಬುದು ಮೂವರಿಗೂ ಹೊಳೆಯಲಿಲ್ಲ. ಅವರಿಗೆ ನೀನಿನ್ನೂ ಪಾಪನೇ; ಗೊತ್ತಿದ್ದದ್ದು ಇಷ್ಟೇ, ಅದು ನಮ್ ಪಾಪನ ಯಾಪಾರದ ಸಾಮಾನು.

ಆಯುಧಪೂಜೆಯ ಬೆಳಿಗ್ಗೆ ನಿಮ್ಮಪ್ಪ ಉಳಿ, ಸುತ್ತಿಗೆ, ಕಲ್ಲು ಕೊಯ್ಯುವ ಮಿಷನ್ನು ಎಲ್ಲ ತೊಳೆದು ಸಾಲಾಗಿ ಜೋಡಿಸಿ ಸ್ನಾನಕ್ಕೆ ಹೋದರು. ನಾನು ಬೂದುಗುಂಬಳ, ಸೇವಂತಿಗೆ ತರಲು ಮಾಲೂರಿಗೆ ಹೋಗಿದ್ದೆ. ಹಿಂತಿರುಗಿ ಬಾಗಿಲಿಗೆ ಬಂದವಳು ಹೊಸ್ತಿಲಲ್ಲೇ ನಿಂತೆ. ಉಳಿಗಳ ಮುಂದೆ ಹಲಗೆ ಹಾಕಿ, ಅಜ್ಜಿ ಅದರ ಮೇಲೆ ಹನ್ನೆರಡು ಗೌರಿಯರನ್ನೂ ಎರಡು ಸಾಲಾಗಿ ಕೂರಿಸಿದ್ದರು. ಬಿಚ್ಚಿದ ಪ್ಲಾಸ್ಟಿಕ್ ಕವರುಗಳನ್ನು ನೀಟಾಗಿ ಮಡಚಿ ಬಾಳೆಹಣ್ಣಿನ ಕೆಳಗೆ ಇಟ್ಟಿದ್ದರು. ಪ್ರತಿಯೊಂದು ರಕ್ಷಾಪುಟದ ಮೇಲೂ ಗೌರಿಯ ಹಣೆಯ ನಟ್ಟನಡುವೆ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ. ಅವಳ ಹಿಂದೆ ನಿಂತಿರುವ ಲಾರಿಯ ಮೂತಿಗೂ ಒಂದು. ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ಹೆಚ್ಚುತ್ತಿದ್ದರು, ಅದನ್ನೊಂದು ತಡೆದೆ.

‘ಬಾ ಸುನಂದಾ, ನೋಡು ಎಂಗೈತೆ. ಅವನ ಉಳಿ ಸುತ್ತಿಗೆಗೆಲ್ಲ ಪೂಜೆ ಮಾಡಿ ನಮ್ ಪಾಪನ ಸಾಮಾನು ಬಿಟ್ರೆ ತಾಯಿ ಮೆಚ್ತಾಳಾ? ಅದ್ರಲ್ಲಿ ಲಾರಿ ಬೇರೆ ಐತೆ’ ಎಂದರು. ಕವರ್ ಯಾಕೆ ಬಿಚ್ಚಿದ್ರಿ ಅತ್ತೆ ಎಂದೆ, ಬೇರೆ ಏನು ಕೇಳಬೇಕೋ ತಿಳಿಯದೆ. ‘ದೇವ್ರ ಮುಂದೆ ಮುಸುಕು ಹಾಕ್ಕೊಂಡು ಕೂರ್ತಾರೇನಮ್ಮಾ? ಈ ಅಮ್ಮಾಯಿ ನೋಡು, ಬೋಳು ಹಣೆ. ಬೊಟ್ಟಿಲ್ದೆ ಆಡಪಿಲ್ಲನ, ಹೆಣ್ಣುಮಗೂನ, ಮನೆಯಿಂದ ಆಚೆ ಕಳಿಸೋದುಂಟಾ?’ ಎಂದು ನನ್ನನ್ನೇ ಕೇಳಿದರು. ಒಂದೊಂದನ್ನೂ ಎತ್ತಿ ಕಣ್ಣಿಗೆ ಒತ್ತಿಕೊಂಡರು. ಇಂಥ ಸಂಚಿಕೆಯ ಮೇಲೆ ಒಂದು ಬೊಟ್ಟು ಬಿದ್ದರೆ ಅದರ ಬೆಲೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಪುಸ್ತಕದ ಬೆನ್ನಿನ ಮೇಲಿನ ಬಿಳಿ ಗೆರೆ, ಮೊಂಡಾದ ಮೂಲೆ, ಹೆಬ್ಬೆರಳ ಜಿಡ್ಡು ಎಲ್ಲವನ್ನೂ ನೀನು ನನಗೆ ತೋರಿಸಿ ಕಲಿಸಿದ್ದೆ. ನನ್ನ ಕಾವ್ಯದ ಪುಸ್ತಕಗಳ ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ ನೋಡಿ, ‘ಅಮ್ಮ, ನಿನ್ನ ಬೀರುವಿನಲ್ಲಿ ಮಾರೋಕೆ ಲಾಯಕ್ಕಾದ ಒಂದು ಪುಸ್ತಕನೂ ಇಲ್ಲ’ ಎಂದು ನಕ್ಕವಳಲ್ಲವೇ ನೀನು? ಮಾರನೆಯ ದಿನ ಒಂದು ಪ್ರತಿಯನ್ನು ಒಣ ಹತ್ತಿಯಿಂದ ಮೆಲ್ಲಗೆ ಒರೆಸಿ ನೋಡಿದೆ. ಕುಂಕುಮದ ಪುಡಿ ಉದುರಿತು. ಅರಿಶಿನ ಕಾಗದದೊಳಕ್ಕೆ ಇಳಿದಿತ್ತು. ಅಲ್ಲಿಗೇ ನಿಲ್ಲಿಸಿದೆ.

ಮೊನ್ನೆ ಶನಿವಾರ, ನೀನು ಮಾತಾಡಿಟ್ಟಿದ್ದ ಹಾಗೆ, ಹೊಸೂರಿನಿಂದ ಕಾಮಿಕ್ಸ್ ವ್ಯಾಪಾರಿ ಕದಿರೇಶ್ ಬಂದರು. ಗೌರಿಯ ಕಥೆ ವೆಬ್ ಸರಣಿಯಾಗುತ್ತದಂತೆ, ಮೊದಲ ಸಂಚಿಕೆಗಾಗಿ ಜನ ಮುಗಿಬೀಳುತ್ತಿದ್ದಾರಂತೆ ಎಂದು ಬರುತ್ತಲೇ ಹೇಳಿದರು. ಹನ್ನೆರಡನ್ನೂ ಅವರು ಕೊಳ್ಳುವುದು, ಡಿಸೆಂಬರಿನ ಬೆಂಗಳೂರು ಕಾಮಿಕ್ಸ್ ಮೇಳದಲ್ಲಿ ತಮ್ಮ ಮೇಜಿನ ಅರ್ಧ ನಿನಗೆ ಬಿಟ್ಟುಕೊಡುವುದು, ಇದಲ್ಲವೇ ನಿಮ್ಮ ಒಪ್ಪಂದ? ನಿನ್ನ ಹೆಸರು ಬರೆದ ಮೇಜಿನ ಹಿಂದೆ ಕೂರಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದೀಯ. ಅದಕ್ಕೇ ಅವರು ಕೂರುವ ಮುಂಚೆಯೇ ನಡೆದದ್ದನ್ನು ಹೇಳಿಬಿಟ್ಟೆ. ಆದರೂ ಒಂದು ಸಲ ನೋಡ್ತೀನಿ ಮೇಡಂ ಎಂದು ಬಿಳಿಯ ಕೈಗವಸು ತೊಟ್ಟುಕೊಂಡರು. ಮಜ್ಜಿಗೆ ತಂದ ಅಜ್ಜಿ, ‘ಏನಪ್ಪಾ, ಕೈಗೆ ಗಾಯನಾ?’ ಎಂದರು. ‘ಇಲ್ಲಜ್ಜಿ, ಪುಸ್ತಕಕ್ಕೆ ಗಾಯ ಆಗ್ಬಾರ್ದು ಅಂತ.’ ‘ಅದೇನು ಹಸುಗೂಸಾ? ನಮ್ ಸುನಂದ ಪುಸ್ತಕ ಎದೆ ಮೇಲೆ ಹಾಕ್ಕೊಂಡೇ ನಿದ್ದೆ ಮಾಡ್ತಾಳೆ, ಏನೂ ಆಗಿಲ್ಲ’ ಎಂದು ನನ್ನ ಮಾನವನ್ನೂ ಸೇರಿಸಿ ಬಡಿಸಿ ಒಳಗೆ ಹೋದರು.

ಆಮೇಲೆ ಕದಿರೇಶ್ ನನ್ನನ್ನು ನಿಮ್ಮಪ್ಪ ಕೆತ್ತುವ ಚಪ್ಪರಕ್ಕೆ ಕರೆದರು. ‘ಬೇಜಾರಾಗ್ಬೇಡಿ ಮೇಡಂ, ಇದನ್ನ ಕ್ಲೀನ್ ಪೀಸ್ ಅಂತ ಮಾರಕ್ಕಾಗಲ್ಲ’ ಎಂದರು. ಒಂದು ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು. ‘ಒಂದು ದಾರಿ ಇದೆ. ಆಯುಧಪೂಜೆ ಸ್ಪೆಷಲ್ ಎಡಿಷನ್. ಪ್ರಕಾಶಕರೇ ಹನ್ನೆರಡು ಕಾಪಿಗೆ ಪೂಜೆ ಮಾಡ್ಸಿ ಬಿಟ್ಟಿದ್ದು ಅನ್ನೋಣ. ಪ್ರಪಂಚದಲ್ಲೇ ಹನ್ನೆರಡು. ಕ್ಲೀನ್ ಪೀಸ್‌ಗಿಂತ ಜಾಸ್ತಿ ಬರುತ್ತೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡ್ಬಿಟ್ರೆ ಯಾರು ಕೇಳ್ತಾರೆ?’

ದಿವ್ಯಾ, ಒಂದು ಗಳಿಗೆ ನನಗೂ ಆಸೆಯಾಯಿತು. ನಿನ್ನ ಮೇಜು ಕಣ್ಣಿಗೆ ಕಟ್ಟಿತು. ಅವರು ಕೆಟ್ಟವರೇನಲ್ಲ, ನಿನಗೆ ಒಳ್ಳೆಯದಾಗಲೆಂದೇ ಹೇಳಿದ್ದು. ನಿಮ್ಮಪ್ಪ ಉಳಿ ಮಸೆಯುತ್ತಿದ್ದವರು ತಲೆಯೆತ್ತಿ ಹೊಂಗೆಮರದ ಕಡೆಗೆ ಒಂದು ಸಲ ನೋಡಿ ಮತ್ತೆ ಮಸೆಯತೊಡಗಿದರು. ಆ ಮರದ ಕೆಳಗೆ ಏನಿದೆ ಎಂದು ನಿನಗೆ ಗೊತ್ತು. ಹೋಳೂರಿನವರ ಗುಡಿಗೆಂದು ಕೆತ್ತಿದ ದೇವಿಯ ಕಿರುಬೆರಳ ತುದಿ ಇನ್ನೇನು ಮುಗಿಯಿತು ಎನ್ನುವಾಗ ಹಾರಿತಲ್ಲ. ಕಲ್ಲುಪುಡಿಗೆ ಅಂಟು ಕಲಸಿ ಮೆತ್ತಿದ್ದರೆ ಹೋಳೂರಿನವರ ಕಣ್ಣಿಗೆ ಬೀಳುತ್ತಿರಲಿಲ್ಲ. ನಿಮ್ಮಪ್ಪ ಅವರನ್ನು ಕರೆದು ತೋರಿಸಿ, ಹೊಸ ಕಲ್ಲು ತರಿಸಿ, ಮೊದಲಿನಿಂದ ಕೆತ್ತಿಕೊಟ್ಟರು. ಬೆರಳು ಮುಕ್ಕಾದ ದೇವಿ ಇಂದಿಗೂ ಮರದ ಕೆಳಗೆ ಕೂತಿದ್ದಾಳೆ. ಅವಳಿಗೆ ಪೂಜೆಯಿಲ್ಲ. ಆದರೆ ಅವಳ ವಿಷಯದಲ್ಲಿ ಯಾರೂ ಸುಳ್ಳು ಹೇಳಿಲ್ಲ.

ನಾನು ಕದಿರೇಶ್‌ಗೆ, ನಮ್ಮತ್ತೆ ಇಟ್ಟ ಬೊಟ್ಟು ಅಂತಲೇ ಹೇಳಿ ಮಾರಿ ಎಂದೆ. ‘ನಿಮ್ಮತ್ತೆ ಯಾರಂತ ಯಾರಿಗೆ ಗೊತ್ತು ಮೇಡಂ? ಅಜ್ಜಿ ಇಟ್ರೆ ಕಲೆ, ಪ್ರಕಾಶಕರು ಇಟ್ರೆ ಎಡಿಷನ್’ ಎಂದರು. ನನಗೂ ನಗು ಬಂತು. ಹಾಗಾದರೆ ಕಲೆಯೇ ಇರಲಿ ಬಿಡಿ ಎಂದೆ. ಅವರು ಗವಸು ಕಳಚಿ ಜೇಬಿಗೆ ಹಾಕಿಕೊಂಡರು. ಕೊಳ್ಳುವುದೂ ಇಲ್ಲ, ಅರ್ಧ ಮೇಜೂ ಇಲ್ಲ. ನಿನಗೆ ನಾನೇ ತಿಳಿಸುತ್ತೇನೆ, ಅಲ್ಲಿಯವರೆಗೆ ಏನೂ ಹೇಳಬೇಡಿ ಎಂದು ಕೇಳಿಕೊಂಡಿದ್ದೇನೆ. ಅಜ್ಜಿ ಅವರಿಗೆ ತೆಂಗಿನಕಾಯಿ, ಬಾಳೆಹಣ್ಣು ಕೊಟ್ಟು ಕಳಿಸಿ, ‘ಯಾಕೆ, ಪುಸ್ತಕ ತಗೊಂಡೋಗ್ಲೇ ಇಲ್ಲ?’ ಎಂದು ನನ್ನ ಮುಖ ನೋಡಿದರು. ಇನ್ನೊಂದ್ಸಲ ಬರ್ತಾರಂತೆ ಅತ್ತೆ ಎಂದುಬಿಟ್ಟೆ. ಒಂದು ಸುಳ್ಳನ್ನು ಬಾಗಿಲಿನಿಂದಾಚೆ ಕಳಿಸಿದ ಐದೇ ನಿಮಿಷಕ್ಕೆ ಇನ್ನೊಂದನ್ನು ನಾನೇ ಹುಟ್ಟಿಸಿದೆ. ಈ ಎರಡನೆಯ ಸುಳ್ಳನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ, ಅಜ್ಜಿಯ ಮುಂದೆ ನೀನೂ ಬಿಟ್ಟುಕೊಡಬಾರದು.

ನಿನಗೆ ಸಿಟ್ಟು ಬರುತ್ತದೆ, ಬರಲಿ. ಅಳು ಬಂದರೆ ಅಳು. ಕೂಗಾಡಬೇಕೆನಿಸಿದರೆ ನಾನು ಕಾಲೇಜಿನಲ್ಲಿರುವ ಹೊತ್ತಿಗೆ ಫೋನ್ ಮಾಡು, ಸ್ಟಾಫ್ ರೂಮಿನಿಂದ ಆಚೆ ಬಂದು ಬೇವಿನ ಮರದ ಕೆಳಗೆ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಭಾನುವಾರದ ಸ್ಪೀಕರಿನಲ್ಲಿ ಮಾತ್ರ ಒಂದು ಮಾತೂ ಬೇಡ. ನಿನ್ನ ಸಾಮಾನನ್ನು ನಿಮ್ಮಪ್ಪನ ಉಳಿಗಳ ಸಮಕ್ಕೆ ಕೂರಿಸಿದವರು ಈ ಊರಿನಲ್ಲಿ ಅಜ್ಜಿ ಒಬ್ಬರೇ. ಉಳಿದವರೆಲ್ಲ, ಕಾಲೇಜಿನ ನನ್ನ ಗೆಳತಿಯರೂ ಸೇರಿ, ಬೊಂಬೆ ಪುಸ್ತಕದ ಹುಚ್ಚು ಎಂದವರೇ. ತಾವೇ ಹಾಳು ಮಾಡಿದ್ದು ಎಂದು ಅಜ್ಜಿಗೆ ತಿಳಿದರೆ ಮುಂದಿನ ವರ್ಷ ಉಳಿಗೆ ಬೊಟ್ಟಿಡುವಾಗಲೂ ಅವರ ಕೈ ತಡೆಯುತ್ತದೆ. ಅದನ್ನು ನಾನು ನೋಡಲಾರೆ.

ಮೇಜನ್ನು ಬಿಡಬೇಡ. ಅರ್ಧ ಸಿಗದಿದ್ದರೆ ಪೂರ್ತಿ ಮೇಜನ್ನೇ ನಿನ್ನ ಹೆಸರಿಗೆ ತೆಗೆದುಕೋ. ಮೌಲ್ಯಮಾಪನದ ದುಡ್ಡು ಬಂದಿದೆ, ಅದು ಇದಕ್ಕೇ, ನಿಮ್ಮಪ್ಪನೊಂದಿಗೆ ಮಾತಾಡಿಯಾಗಿದೆ. ಮುಂಬಯಿಯ ಅಂಗಡಿಯಲ್ಲಿ ನೀನು ಆಯ್ದಿಟ್ಟ ಬೇರೆ ಸಂಚಿಕೆಗಳ ಜೊತೆಗೆ ಈ ಹನ್ನೆರಡನ್ನೂ ಇಡು. ಪಕ್ಕದಲ್ಲಿ ಒಂದು ಚೀಟಿ: ‘ಶಿವಾರಪಟ್ಟಣದ ದೊಡ್ಡಮುನಿಯಮ್ಮ ಆಯುಧಪೂಜೆಯ ದಿನ ಇಟ್ಟ ಬೊಟ್ಟು.’ ಅಕ್ಷರ ನಾನು ಬರೆದುಕೊಡುತ್ತೇನೆ. ಯಾರಾದರೂ ಕೊಂಡರೆ ಕೊಳ್ಳಲಿ, ನಕ್ಕರೆ ನಗಲಿ. ರಜೆ ಹಾಕಿ ನಾನೂ ನಿನ್ನ ಪಕ್ಕ ಕೂರುತ್ತೇನೆ. ಕಲೆ ಯಾಕೆ ಎಂದು ಕೇಳಿದವರಿಗೆ ಉತ್ತರ ಹೇಳುವುದು ನನ್ನ ಕೆಲಸ.

ಇನ್ನೊಂದು ಸಂಗತಿ. ಕವರು ಹೇಗೂ ಬಿಚ್ಚಿತ್ತಲ್ಲ, ನಿನ್ನೆ ಮಧ್ಯಾಹ್ನ ಜಗಲಿಯಲ್ಲಿ ಕೂತು ಒಂದು ಪ್ರತಿಯನ್ನು ಅಜ್ಜಿಗೆ ಓದಿ ಹೇಳಿದೆ. ಅವರು ಚಿತ್ರ ನೋಡುತ್ತಾ ಕೇಳಿದರು. ಎರಡು ಚೌಕಗಳ ನಡುವಿನ ಬಿಳಿಯ ಜಾಗದಲ್ಲಿ ಏನೂ ಬರೆದಿಲ್ಲ, ಆದರೂ ಅಲ್ಲೇ ಎಲ್ಲ ನಡೆದುಹೋಗಿರುತ್ತದೆ. ಒಳ್ಳೆಯ ಪದ್ಯದಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಇಳಿಯುವಾಗ ಇರುತ್ತದಲ್ಲ, ಅಂಥದೇ ಮೌನ. ಲಾರಿ ಗಡಿ ದಾಟುವ ಪುಟದಲ್ಲಿ ಅಜ್ಜಿ ನನ್ನ ಕೈ ಹಿಡಿದು ತಡೆದು, ‘ಇದು ನಮ್ ನಂಗಲಿ ಗಡಿ ಅಲ್ವಾ? ನಮ್ಮಣ್ಣ ಇಲ್ಲೇ ಲಾರಿ ನಿಲ್ಸಿ ಟೀ ಕುಡೀತಿದ್ದ’ ಎಂದರು. ಎಷ್ಟೋ ವರ್ಷದ ಮೇಲೆ ಅವರ ಬಾಯಲ್ಲಿ ಅವರಣ್ಣ ಆವಲಪ್ಪ ಮಾವನ ಮಾತು ಬಂತು. ಓದುತ್ತಾ ಒಂದು ಗಮನಿಸಿದೆ. ಹನ್ನೆರಡರಲ್ಲಿ ಒಂದರ ಪುಟವೂ ತೆರೆದ ಗುರುತಿಲ್ಲ. ನೀನು ಇದನ್ನು ಓದೇ ಇಲ್ಲ, ಅಲ್ಲವೇ? ಬೈಯುತ್ತಿಲ್ಲ ಮಗಳೇ. ಕಥೆಯನ್ನು ಮಾತ್ರ ನಾನು ಹೇಳುವುದಿಲ್ಲ.

ಸರಿಯಾಗಿ ಊಟ ಮಾಡು. ಅಂಗಡಿಯ ಯಜಮಾನರಿಗೂ, ನಿನ್ನ ಕೋಣೆಯ ಗೆಳತಿ ಅನಿತಳಿಗೂ ನಮ್ಮ ನಮಸ್ಕಾರ ತಿಳಿಸು. ನಿಮ್ಮಪ್ಪ ಉಳಿ ಹಿಡಿದ ಕೈಯಲ್ಲೇ ಆಶೀರ್ವಾದ ಎಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದಾರೆ. ನಿನ್ನ ಹಣೆ ತಣ್ಣಗಿರಲಿ.

ನಿನ್ನ ಅಮ್ಮ,
ಸುನಂದ

ಮರೆತಿದ್ದು: ಅಂಚೆ ಹೋಗುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಕಥೆ ಹೇಳುವುದಿಲ್ಲ ಎಂದಿದ್ದೆ, ಆದರೆ ಇದೊಂದನ್ನು ಹೇಳದೆ ವಿಧಿಯಿಲ್ಲ. ಕೊನೆಯ ಪುಟದಲ್ಲಿ ಗೌರಿಯ ಲಾರಿ ಬ್ರೇಕ್ ಹಿಡಿಯದೆ ಕಲ್ಲುಗಣಿಯ ಅಂಚಿಗೆ ಬಂದುಬಿಟ್ಟಿದೆ, ಮುಂದಿನ ಚಕ್ರ ಗಾಳಿಯಲ್ಲಿದೆ, ಅಲ್ಲಿಗೆ ಸಂಚಿಕೆ ಮುಗಿಯಿತು. ಟ್ರಂಕನ್ನೆಲ್ಲ ಜಾಲಾಡಿದೆ. ಮೊದಲನೆಯದೇ ಹನ್ನೆರಡು, ಎರಡನೆಯದು ಒಂದೂ ಇಲ್ಲ. ‘ಮೊದಲನೇದನ್ನ ಎಲ್ರೂ ಕೂಡಿಡ್ತಾರಮ್ಮ, ಎರಡನೇದನ್ನ ಕಮ್ಮಿ ಅಚ್ಚು ಹಾಕ್ತಾರೆ, ಅದಕ್ಕೇ ಅದು ಸಿಗೋದೇ ಇಲ್ಲ’ ಎಂದು ನೀನೇ ಹೇಳಿದ್ದೆ. ಸಿಗದಿದ್ದರೂ ಹುಡುಕು. ಮೂಲೆ ಮುರಿದಿರಲಿ, ಟೀ ಚೆಲ್ಲಿರಲಿ, ಒಂದೇ ಒಂದು ಸಾಕು. ಮೊದಲು ನೀನು ಓದು, ಆಮೇಲೆ ಕಳಿಸು. ಇವತ್ತು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವುದನ್ನೂ ನಿಲ್ಲಿಸಿ ಅಜ್ಜಿ ಕೇಳಿದ್ದು ಅದನ್ನೇ: ‘ಲಾರಿಗೂ ಬೊಟ್ಟಿಟ್ಟಿದೀನಿ, ಬ್ರೇಕು ಹಿಡೀತದೆ. ಆದ್ರೂ ನೋಡ್ಬೇಕಲ್ಲಮ್ಮಾ.’