ಗದ್ದ ಹದ ಮಾಡುವುದು

ಮಾರ್ಚ್ 4, ಸೋಮವಾರ, ಸಂಜೆ

ಕತ್ತು ಹೊರಳಿಸಲಾಗುತ್ತಿಲ್ಲ. ಜಿಮ್‌ನಲ್ಲಿ ತಲೆಗೆ ಬೆಲ್ಟು ಬಿಗಿದು, ಬೆಲ್ಟಿಗೆ ತೂಕ ನೇತುಹಾಕಿ, ಮೇಲೆ ಕೆಳಗೆ ಎತ್ತಿ ಇಳಿಸಿದ್ದರ ಫಲ. ಗಾಣದ ಎತ್ತಿಗೂ ಇಷ್ಟು ನೋವಿರಲಾರದು. ಅಮ್ಮ ನೋಡಿ, ಇನ್ನೊಂದು ಮೂಗುದಾರ ಹಾಕಿದರೆ ಮುಗಿಯಿತು ಅಂದಳು.

ಲಾಂಡ್ರಿಯಲ್ಲಿ ಇಡೀ ದಿನ ಹೋಟೆಲಿನ ಬೆಡ್‌ಶೀಟು. ದೊಡ್ಡ ಶೀಟು ಮಡಿಸಲು ಇಬ್ಬರು ಬೇಕು. ಆ ತುದಿಗೆ ಅಕ್ಕ ಇರುತ್ತಿದ್ದಳು. ಈಗ ಹೊಸಬಳು. ಮೂಲೆಗೆ ಮೂಲೆ ಕೂಡಿಸಲು ಬರುವುದಿಲ್ಲ. ಬಂದರೂ ನನಗೆ ಹಿಡಿಸುತ್ತಿರಲಿಲ್ಲ, ಇರಲಿ.

ಅಕ್ಕ ದೊಡ್ಡಮ್ಮನ ಊರಿಗೆ ಹೋಗಿ ಆರು ತಿಂಗಳಾಯಿತು. ಬಾಕ್ಸಿಂಗ್ ಬೇಜಾರಾಯಿತಂತೆ. ಲಾಂಡ್ರಿಯ ಹಬೆಗೆ ತಲೆನೋವಂತೆ. ಫೋನ್ ಮಾಡಿದರೆ ಎರಡು ಮಾತು, ಆಮೇಲೆ ಇಡ್ತೀನಿ ಅನ್ನುತ್ತಾಳೆ. ಏಳು ವರ್ಷ ರಿಂಗಿನಲ್ಲಿ ದಿನಾ ಎದುರಿಗೆ ನಿಂತವಳು! ಕೋಪ ಬರುತ್ತದೆ. ಕೋಪಕ್ಕಿಂತ ಹೆಚ್ಚಾಗಿ… ಅವಳು ಬೇಕು. ಅಷ್ಟೇ.

ಮಾರ್ಚ್ 6

ಡಾಕ್ಟರಮ್ಮನ ಹತ್ತಿರ ಕೊನೆಯ ತಪಾಸಣೆ. ಜನವರಿಯಲ್ಲಿ ಬಿದ್ದದ್ದಕ್ಕೆ.

ಅಕ್ಕ ಹೋದಮೇಲೆ ಅದೇ ನನ್ನ ಮೊದಲ ಪಂದ್ಯ. ಎದುರಾಳಿಯ ಎಡಗೈ ದವಡೆಗೆ ತಾಗಿತಂತೆ. ಸೊಳ್ಳೆ ಹೊಡೆದ ಹಾಗಿತ್ತು ಅಂತ ನೋಡಿದವರು ಹೇಳಿದ್ದು. ನನಗೆ ನೆನಪಿಲ್ಲ. ಕಣ್ಣು ಬಿಟ್ಟರೆ ಮೇಲೆ ದೀಪ, ರೆಫ್ರಿಯ ಬೆರಳು. ಜಿಮ್‌ನಲ್ಲಿ ನನ್ನನ್ನು ಕರೆಯುವುದೇ ಬಂಡೆ ಅಂತ. ಎಂಥ ಏಟಿಗೂ ಅಲ್ಲಾಡದವಳು! ಮರ್ಯಾದೆ ಮೂರು ಕಾಸಿಗೆ ಹೋಯಿತು.

ಇನ್ನು ಆಡಬಹುದು ಅಂದರು. ಏಪ್ರಿಲ್ 20ಕ್ಕೆ ಪಂದ್ಯ. ಅದೇ ಹುಡುಗಿ. ಕೇಳಿಯೇಬಿಟ್ಟೆ — ಏಟು ತಡೆದುಕೊಳ್ಳುವುದು ಅಭ್ಯಾಸದಿಂದ ಬರುತ್ತದಾ?

"ಡಬ್ಬಿ ತುಂಬ ಮೊಸರಿದೆ ಅಂದ್ಕೋ. ಡಬ್ಬಿ ಅಲ್ಲಾಡದ ಹಾಗೆ ಹಿಡಿಯೋದನ್ನ ಕಲೀಬಹುದು. ಕತ್ತು ಬಲ ಮಾಡ್ಕೋ, ಗದ್ದ ಕೆಳಗಿಟ್ಕೋ, ಏಟು ಬರೋದನ್ನ ಕಣ್ಬಿಟ್ಟು ನೋಡು. ಒಳಗಿನ ಮೊಸರನ್ನ ಮಾತ್ರ ಗಟ್ಟಿ ಮಾಡೋಕಾಗಲ್ಲ. ಅಲ್ಲಾಡಿದಷ್ಟೂ ಒಡೆಯುತ್ತೆ."

ಅಮ್ಮ ಇಷ್ಟು ದಿನ ನನ್ನ ತಲೆಯಲ್ಲಿರುವುದು ಮಣ್ಣು ಅನ್ನುತ್ತಿದ್ದಳು. ಮೊಸರು ಅಂದರೆ ಬಡ್ತಿಯೇ ಸಿಕ್ಕಿತು.

ಮಾರ್ಚ್ 9, ಶನಿವಾರ

ಶನಿವಾರ ಅಂದರೆ ನಮ್ಮ ಬಾಕ್ಸಿಂಗ್ ಮೇಷ್ಟ್ರ ಹದ. ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದಕ್ಕೆ ಕಟ್ಟಿ ನಿಲ್ಲಬೇಕು. ಜೊತೆಯವಳು ದವಡೆಗೆ ಹೊಡೆಯಬೇಕು — ಮೊದಲು ಮೆಲ್ಲಗೆ, ಬರಬರುತ್ತಾ ಜೋರಾಗಿ. ಗದ್ದ ಹದವಾಗಲಿ ಅಂತ. ಅವರ ಗುರುಗಳೂ ಹೀಗೇ ಮಾಡಿಸುತ್ತಿದ್ದರಂತೆ. ಮೊಸರಿನ ಕಥೆ ಹೇಳಿದೆ. ಉಳಿಪೆಟ್ಟು ಬೀಳದೆ ಕಲ್ಲು ವಿಗ್ರಹ ಆಗುತ್ತದಾ ಅಂತ ನನ್ನನ್ನೇ ಕೇಳಿದರು.

ವಾದ ಮಾಡಲಿಲ್ಲ. ಗೆಲ್ಲಬೇಕಲ್ಲ, ನಿಂತೆ. ಹೊಡೆದವಳು ಏಣಿ. ಉದ್ದಕ್ಕಿದ್ದಾಳೆ ಅಂತ ಆ ಹೆಸರು. ನಾಲ್ಕು ಏಟಿಗೆ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು.

ಇದೇ ಗೋಡೆಗೆ ಅಕ್ಕನ ಮುಂದೆ ಎಷ್ಟು ಶನಿವಾರ ನಿಂತಿದ್ದೇನೆ. ಒಂದು ಸಲವೂ ಹೀಗಾಗಿರಲಿಲ್ಲ. ಅಕ್ಕನ ಏಟು ಅಂದರೆ ಪಟ್ ಅಂತ ಸದ್ದು, ನೋವೇ ಇಲ್ಲ. ನನ್ನ ಗದ್ದ ಅಷ್ಟು ಗಟ್ಟಿ ಅಂತ ಬೀಗುತ್ತಿದ್ದೆ.

ಮಾರ್ಚ್ 16, ಶನಿವಾರ

ಮತ್ತೆ ಹದ. ಈ ಸಲ ಗೋಡೆ ಸವರಿಕೊಂಡು ಕೆಳಗೆ ಕೂತೇಬಿಟ್ಟೆ. ಉಳಿಪೆಟ್ಟು ತಿಂದ ಕಲ್ಲೆಲ್ಲ ವಿಗ್ರಹ ಆಗುವುದಿಲ್ಲ, ಜಲ್ಲಿಯೂ ಆಗುತ್ತದೆ.

ಮೇಷ್ಟ್ರಿಗೆ ರೇಗಿತು. ಅಥವಾ ಹೆದರಿದರೋ ಏನೋ.

"ನಿಮ್ಮಕ್ಕ ನಿನ್ನ ಕೆಡಿಸಿದ್ಲು ಕಣೆ. ನಿನ್ನ ತಲೆಗೆ ಬೀಸಿದ ತನ್ನ ಕೈನ ಕೊನೇ ಗಳಿಗೇಲಿ ತಡೆದು ಹಿಡ್ಕೊಂಡುಬಿಡ್ತಿದ್ಲು. ಗ್ಲೌಸ್ ತಾಗಿದ ಸದ್ದಷ್ಟೇ. ನಿಂಗೆ ಗೊತ್ತೇ ಆಗ್ಲಿಲ್ವಾ?"

ಗೊತ್ತಾಗಲಿಲ್ಲ. ಏಣಿ ನೆಲ ನೋಡುತ್ತಿದ್ದಳು. ಜಿಮ್ಮಿಗೆಲ್ಲ ಗೊತ್ತಿತ್ತು ಅಂತಾಯಿತು. ಬಂಡೆಯಂತೆ, ಬಂಡೆ.

ಮಾರ್ಚ್ 24, ಭಾನುವಾರ, ವಾಪಸ್ ಬಸ್ಸಿನಲ್ಲಿ

ವಾರವಿಡೀ ಬರೆಯಲಿಲ್ಲ. ಅಕ್ಕನಿಗೆ ಬೈಯಲು ಮಾತು ಜೋಡಿಸುತ್ತಿದ್ದೆ. ಹೇಳದೆ ಕೇಳದೆ ಹೊರಟೆ.

ದೊಡ್ಡಮ್ಮ ಬಾಗಿಲು ತೆಗೆದವಳೇ ಮೆಲ್ಲಗೆ ಮಾತಾಡು ಅಂದಳು. ಅಕ್ಕನಿಗೆ ಸದ್ದು ಆಗುವುದಿಲ್ಲವಂತೆ. ಬೆಳಕೂ ಆಗುವುದಿಲ್ಲವಂತೆ. ಮಟಮಟ ಮಧ್ಯಾಹ್ನ, ಕಿಟಕಿಗೆ ಎರಡೆರಡು ಪರದೆ. ಅಕ್ಕ ಮಂಚದ ಮೇಲೆ ಕೂತು ಆ ಕತ್ತಲಲ್ಲೇ ಬಟಾಣಿ ಬಿಡಿಸುತ್ತಿದ್ದಳು. ಸೊರಗಿದ್ದಾಳೆ. ನನ್ನನ್ನು ಕಂಡು ನಕ್ಕಳು. ಜೋಡಿಸಿಟ್ಟ ಬೈಗುಳ ಬಿಟ್ಟು, ಪಕ್ಕದಲ್ಲಿ ಕೂತು ನಾನೂ ಬಟಾಣಿ ಬಿಡಿಸಿದೆ.

ಮಾತಿನ ನಡುವೆ ಪದ ಕಳೆದುಹೋಗುತ್ತದೆ ಅವಳಿಗೆ. ಆ ಇದು ತಾ, ಅದೇ ಇದು ಅನ್ನುತ್ತಾಳೆ. ಲೋಟ. ಸಣ್ಣ ಸಣ್ಣ ಏಟು ವರ್ಷಗಟ್ಟಲೆ ಬಿದ್ದು ಹೀಗಾಗಿದೆ ಅಂದರಂತೆ ಅಲ್ಲಿನ ಡಾಕ್ಟರು. ಅಮ್ಮನಿಗೆ ಹೇಳಬೇಡ ಅಂತ ದೊಡ್ಡಮ್ಮನಿಂದ ಆಣೆ ಹಾಕಿಸಿಕೊಂಡಿದ್ದಾಳೆ.

ಯಾಕೆ ಕೈ ಹಿಡಿದು ಹೊಡೆದೆ ಅಂತ ಕೇಳಿದೆ.

"ನಿನ್ನ ಮೂತಿಗೆ ಹೊಡೆಯೋಕೆ ನಂಗೆ ಕೈ ಬರ್ಲಿಲ್ಲ. ಅಷ್ಟೇ."

"ನಾನು ಹೊಡೀತಿದ್ನಲ್ಲ ಅಕ್ಕಾ?"

"ಚೆನ್ನಾಗೇ ಹೊಡೀತಿದ್ದೆ."

ಹೆಮ್ಮೆಯಿಂದ ಹೇಳಿದಳು. ನನಗೆ ಆಗ ಹೊಳೆಯಿತು. ಬೀಸಿದ ಕೈಯನ್ನು ಅರ್ಧಕ್ಕೆ ತಡೆದವಳ ಮುಖ ಆ ಗಳಿಗೆ ತೆರೆದೇ ಇರುತ್ತದೆ. ರಿಂಗಿನಲ್ಲಿ ದಿನಾ ಆ ಸಂದಿನಲ್ಲಿ ನುಗ್ಗಿ ನಾನು ಹೊಡೆದೆ. ಮೈಯಲ್ಲಿದ್ದ ಬಲವೆಲ್ಲ ಹಾಕಿ. ಅವಳು ಒಂದು ಸಲ ಬಿದ್ದಿದ್ದರೂ ಯಾರಾದರೂ ನಿಲ್ಲಿಸುತ್ತಿದ್ದರು. ಬೀಳಲೇ ಇಲ್ಲ ಪುಣ್ಯಾತ್ಗಿತ್ತಿ. ಬಂಡೆ ಅವಳು. ತಡೆದುಕೊಳ್ಳುವವರಿಗೇ ಏಟು ಜಾಸ್ತಿ.

ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನೂ ಕೈ ಹಿಡೀತಿದ್ದೆ, ಇಬ್ಬರೂ ಮುದ್ದು ಮಾಡ್ತಾ ನಿಂತರೆ ಬಾಕ್ಸಿಂಗ್ ಆಗುತ್ತೇನೇ ಅಂದಳು. ಅತ್ತೆ. ಸದ್ದು ಮಾಡಬೇಡ, ತಲೆಗೆ ಹೋಗುತ್ತೆ ಅಂದಳು. ದಿಂಬು ಕಚ್ಚಿಕೊಂಡು ಅತ್ತೆ.

ಕೇಳಬಾರದಿತ್ತು, ಕೇಳಿದೆ. ಪಂದ್ಯಕ್ಕೆ ಬಾ, ರಿಂಗಿನ ನನ್ನ ಮೂಲೆಯಲ್ಲಿ ನಿಲ್ಲು. ಆ ದೀಪ, ಆ ಗದ್ದಲ… ಆಗಲ್ಲ ಕಣೆ ಅಂದಳು. ಹೊರಡುವಾಗ ನನ್ನ ಗದ್ದ ಹಿಡಿದು ಕೆಳಕ್ಕೆ ಒತ್ತಿದಳು. ಇಳಿಯುವ ಸ್ಟಾಪ್ ಬರುತ್ತಿದೆ. ಇನ್ನೂ ಹಾಗೇ ಒತ್ತಿಕೊಂಡು ಕೂತಿದ್ದೇನೆ.

ಮಾರ್ಚ್ 30, ಶನಿವಾರ

ಗೋಡೆಗೆ ನಿಲ್ಲುವುದಿಲ್ಲ ಅಂದೆ. ಬೇರೆ ಯಾರೂ ನಿಲ್ಲಬಾರದು ಅಂತಲೂ ಅಂದೆ. ಅಕ್ಕನ ಕೋಣೆ, ಪರದೆ, ಲೋಟ, ಎಲ್ಲ ಹೇಳಿದೆ. ಮೇಷ್ಟ್ರು ತಮ್ಮ ಕುರ್ಚಿ ಎಳೆದು ಆ ಗೋಡೆಗೆ ಅಡ್ಡ ಇಟ್ಟರು. ಆಮೇಲೆ ಏಣಿಗೆ, ನೀನು ಹೊಡೀಬೇಡ, ಕೈ ಬರೀ ತೋರಿಸು, ಇವಳು ನೋಡಿ ತಪ್ಪಿಸಿಕೊಳ್ಳಲಿ ಅಂದರು. ಅವರ ದನಿ ಒಂದೇ ದಿನಕ್ಕೆ ಮುದಿಯಾಗಿತ್ತು.

ಏಪ್ರಿಲ್ 11

ಶೀಟು ಮಡಿಸುತ್ತಾ ಆ ತುದಿಯಿಂದ ನಡೆದು ಬಂದು, ಮೂಲೆಗಳನ್ನು ನನ್ನ ಕೈಗಿಟ್ಟು, ಅಕ್ಕ ಒಂದು ಸಲ ಮೂಗು ಹಿಂಡುತ್ತಿದ್ದಳು. ಇವತ್ತು ಹೊಸಬಳು ಹತ್ತಿರ ಬಂದಾಗ ನಾನು ಮುಖ ಮುಂದೆ ಚಾಚಿದೆ. ಏನಾಯ್ತು ಅಂತ ಕೇಳಿದಳು. ಕಣ್ಣಿಗೆ ಸೋಪು ಅಂದೆ.

ಜಿಮ್ಮಿನವರ ಬಾಯಿಂದ ಅಮ್ಮನಿಗೆ ವಿಷಯ ಗೊತ್ತಾಗಿದೆ. ಒಬ್ಬಳದ್ದೇ ಸಾಕು, ಆಡಬೇಡ ಅನ್ನುತ್ತಾಳೆ. ಅವಳದೂ ತಪ್ಪಿಲ್ಲ. ಆದರೆ ಈ ಒಂದು ಪಂದ್ಯ ಆಡದೆ ಬಿಟ್ಟರೆ ಅಕ್ಕ ತಿಂದ ಏಟೆಲ್ಲ ನೀರಲ್ಲಿ ಹೋಮ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅಳುತ್ತೇವೆ. ಊಟಕ್ಕೆ ಮಾತ್ರ ಒಟ್ಟಿಗೆ ಕೂರುತ್ತೇವೆ.

ಏಪ್ರಿಲ್ 20, ಮಧ್ಯಾಹ್ನ, ಡ್ರೆಸ್ಸಿಂಗ್ ರೂಮು

ಹೆದರಿಕೆ. ಬೀಳುವ ಹೆದರಿಕೆಯಲ್ಲ, ಬಿದ್ದಮೇಲೆ ಕಣ್ಣು ಬಿಟ್ಟಾಗ ಅಕ್ಕ ಕಾಣುವುದಿಲ್ಲವಲ್ಲ ಅಂತ…

ಬಂದಳು. ಈಗ. ದೊಡ್ಡಮ್ಮನ ತೋಳು ಹಿಡಿದುಕೊಂಡು. ಕಪ್ಪು ಕನ್ನಡಕ, ಕಿವಿಯಲ್ಲಿ ಹತ್ತಿ, ಹುಬ್ಬಿನವರೆಗೆ ಟೋಪಿ — ಬ್ಯಾಂಕ್ ದೋಚಲು ಬಂದವಳ ಹಾಗೆ. ಓಡಿಹೋಗಿ ಟ್ಯೂಬ್‌ಲೈಟ್ ಆರಿಸಿದೆ. ಬಾಗಿಲ ಸಂದಿಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಆಮೇಲೆ ಬರೀ ಅನ್ನುತ್ತಾಳೆ. ಬರೆಯದಿದ್ದರೆ ಕನಸು ಅಂದುಕೊಂಡುಬಿಡುತ್ತೇನೆ.

"ಟವೆಲ್ ನನ್ನ ಕೈಲಿರುತ್ತೆ. ನಿನ್ನ ಮೊಣಕಾಲು ಒಂದ್ಸಲ ಅಲ್ಲಾಡ್ಲಿ, ರಿಂಗಿಗೆ ಎಸೆದು ಆಟ ನಿಲ್ಲಿಸ್ತೀನಿ. ಪಂದ್ಯ ಹೋದ್ರೆ ಹೋಗ್ಲಿ. ಸಿಟ್ಟು ಬಂದ್ರೆ ಬರ್ಲಿ."

ಎಸಿ ಅಂದೆ. ಸಿಟ್ಟು ಬರುವುದಿಲ್ಲ ಅಂದೆ. ಅಲ್ಲಿಯವರೆಗೆ ಬೆಳಕನ್ನು ಹೇಗೆ ತಡೆಯುತ್ತೀಯ ಅಂದರೆ, ಕಣ್ಣು ಬಿಟ್ಟು ನಿನ್ನ ಕಾಲು ಮಾತ್ರ ನೋಡ್ತೀನಿ ಅಂದಳು.

ಎಡಗೈಗೆ ಗ್ಲೌಸಿನೊಳಗಿನ ಬ್ಯಾಂಡೇಜು ಸುತ್ತಿ ಮುಗಿಸಿದಳು. ಬಿಗಿ ಸರಿಯಾಗಿದೆ. ಹೊರಗೆ ನನ್ನ ಸರದಿ ಕೂಗುತ್ತಿದ್ದಾರೆ. ಈಗ ಬಲಗೈ ಕೇಳುತ್ತಿದ್ದಾಳೆ. ಏಳು ವರ್ಷ ಅವಳ ತಲೆಗೆ ಹೊಡೆದ ಕೈ. ಅದನ್ನೇ ತೊಡೆಯ ಮೇಲಿಡು ಅನ್ನುತ್ತಿದ್ದಾಳೆ. ಒಂದೇ ಸಾಲು ಇರು ಅಕ್ಕಾ ಅಂದೆ. ಇರುವುದಿಲ್ಲವಂತೆ, ಪೆನ್ನಿನ ಸಮೇತ ಸುತ್ತು—