ನಲ್ಲಿಯ ಕೀಲಿ

ಅಕ್ಟೋಬರ್ 3, ಮಂಗಳವಾರ

ಕಾಲೇಜಿನ ಫುಟ್‌ಬಾಲ್ ಕ್ರೀಡಾಂಗಣದಿಂದ ವೆಂಡೆಲ್ ಹೆಸರು ತೆಗೆಯಬೇಕೆಂದು ವಿಚಾರಣಾ ಸಮಿತಿ ಶಿಫಾರಸು ಮಾಡಿದೆ. ಇವತ್ತಿನ ‘ಹಾರ್ಲನ್ ಕೊರಿಯರ್’, ಮುಖಪುಟ. ಮೂರು ಚಾಂಪಿಯನ್‌ಷಿಪ್ ತಂದುಕೊಟ್ಟ ಕೋಚ್‌ನ ಹೆಸರು. ನನ್ನ ಗಂಡನ ಹೆಸರು.

ಕಾರಣ, 1986ರ ಆಗಸ್ಟ್ ಅಭ್ಯಾಸ. ಉರಿಬಿಸಿಲು, ಮೈಮೇಲೆ ಬಿದ್ದು ಆಡುವ ಆಟಕ್ಕೆ ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್. ಹುಡುಗರು ಗಟ್ಟಿಯಾಗಲಿ ಎಂದು ಮೈದಾನದ ನಲ್ಲಿಗೆ ಬೀಗ. ಕೀಲಿ ವೆಂಡೆಲ್ ಕೊರಳಲ್ಲಿ, ಸೀಟಿಯ ಜೊತೆ. ಆಟಗಾರ ಲಮಾರ್ ಪಿಕೆಟ್ ಕುಸಿದು ಬಿದ್ದ, ಏಳಲಿಲ್ಲ. ಹತ್ತೊಂಬತ್ತು ವರ್ಷ. ಹೃದಯದ ದೋಷ ಎಂದು ಆಗ ಕಾಲೇಜು ಹೇಳಿತ್ತು. ಬಿಸಿಲು, ನೀರು ಕೊಡದಿದ್ದದ್ದು ಎನ್ನುತ್ತದೆ ಸಮಿತಿ.

ವೆಂಡೆಲ್ ಪತ್ರಿಕೆ ಮಡಚಿಟ್ಟ. ಮೊಟ್ಟೆ ತಣ್ಣಗಾಗಿದೆ ಅಂದ.

ಅಕ್ಟೋಬರ್ 5

ಆಡಳಿತ ಮಂಡಳಿಯ ಸಭೆ ಮುಂದಿನ ಶನಿವಾರ. ಹಳೆಯ ಆಟಗಾರರನ್ನು ಕರೆಸುತ್ತೇನೆ ಎಂದು ಬೆಳಿಗ್ಗೆಯಿಂದ ಫೋನ್ ಹಿಡಿದು ಕೂತಿದ್ದ. ಯಾರೂ ಎತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

“ಅವತ್ತು ಬೆಳಿಗ್ಗೆ ಲಮಾರ್‌ಗೆ ಮೈ ಹುಷಾರಿರ್ಲಿಲ್ಲ ಅಂತ ನೀನು ಹೇಳ್ಬೇಕು, ಡೆಲ್ಲಾ. ನಮ್ಮನೇಲೇ ತಾನೆ ತಿಂಡಿ ತಿಂದಿದ್ದು?”

ತಿಂದದ್ದು ನಿಜ. ಪ್ಯಾನ್‌ಕೇಕ್, ಮೂರು ಸಲ ಹಾಕಿಸಿಕೊಂಡು. “ಮೇಡಂ, ಸಿರಪ್ ಬಾಟ್ಲಿಗೆ ಕೋಚ್ ಬೀಗ ಹಾಕಿಲ್ವಲ್ಲ?” ಅಂದಿದ್ದ. ತಿಂಡಿಗೆ ಬಂದಿದ್ದ ಹುಡುಗರೆಲ್ಲ ನಕ್ಕರು... ವೆಂಡೆಲ್ ಕೂಡ.

ನಾನು ಎದ್ದು ತಟ್ಟೆ ತೊಳೆಯಲು ಹೋದೆ.

ಅಕ್ಟೋಬರ್ 8, ಭಾನುವಾರ

ಸಮಿತಿ ಪುರಾವೆಗೆ ದೂರ ಹೋಗಬೇಕಾಗಲಿಲ್ಲ. ಆ ಕೀಲಿ ಕಾಲೇಜಿನ ಮ್ಯೂಸಿಯಂನಲ್ಲೇ ಇತ್ತು, ಗಾಜಿನೊಳಗೆ, ಕೆಳಗೆ ವಿವರದ ಫಲಕ ಸಮೇತ. ಊರಿಗೆ ಅಷ್ಟು ಹೆಮ್ಮೆ. ಕಾಲೇಜು ಮುಗಿಸಿ ಹೋಗುವ ಪ್ರತಿ ಆಟಗಾರನಿಗೂ ಬೀಳ್ಕೊಡುಗೆ ಊಟದಲ್ಲಿ ಅಂಥದ್ದೇ ಹಿತ್ತಾಳೆ ಕೀಲಿ. ರಿಬ್ಬನ್ ಕಟ್ಟುತ್ತಿದ್ದವಳು ನಾನು.

ಚರ್ಚ್ ಮುಗಿದ ಮೇಲೆ ರಾಯ್ಸ್ ಟೇಟಮ್ ಬಂದ. 86ರ ತಂಡದ ನಾಯಕ. ಒಳಗೆ ಬರಲಿಲ್ಲ. ತನ್ನ ಕೀಲಿ ಬಿಚ್ಚಿ ಜಗುಲಿಯ ಕಟಕಟೆ ಮೇಲಿಟ್ಟ.

“ಇಷ್ಟು ವರ್ಷ ಎದೆ ಮೇಲೆ ಹಾಕ್ಕೊಂಡು ಓಡಾಡ್ದೆ, ಕೋಚ್. ಮೊನ್ನೆ ಅಂಗಡೀಲಿ ಲಮಾರ್ ತಾಯಿ ಇದನ್ನೇ ನೋಡ್ತಾ ನಿಂತ್ಬಿಟ್ರು.”

“ನೀನೂ ಹೆದರ್ಕೊಂಡ್ಯಾ, ರಾಯ್ಸ್?”

“ಹೆದರ್ಕೊಂಡಿದ್ದು ಆವತ್ತು, ಕೋಚ್. ಅದಕ್ಕೇ ನಿಮ್ಮ ಹತ್ರ ನಲ್ಲಿ ಕೀಲಿ ಕೇಳ್ಲಿಲ್ಲ.”

ಅಕ್ಟೋಬರ್ 13

ಕಟಕಟೆ ಮೇಲೆ ಕೀಲಿಗಳು ಹೆಚ್ಚಾಗಿವೆ. ಕೆಲವರು ಗಾಡಿ ನಿಲ್ಲಿಸಿ, ಇಟ್ಟು, ಬಾಗಿಲು ತಟ್ಟದೆ ಹೋಗುತ್ತಾರೆ. ವೆಂಡೆಲ್ ಈಗ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಾನೆ.

ಮಧ್ಯಾಹ್ನ ಮತ್ತೆ ಹೇಳಿಕೊಟ್ಟ — ಮುಖ ಬಿಳಿಚಿತ್ತು ಅನ್ನು, ತಟ್ಟೆ ಮುಟ್ಟಲಿಲ್ಲ ಅನ್ನು.

“ಮೂರು ಸಲ ಹಾಕಿಸ್ಕೊಂಡ, ವೆಂಡೆಲ್.”

“ಅದನ್ನ ಯಾರು ಕೇಳ್ತಾರೆ?”

“ನಾಳೆ ಕೇಳ್ತಾರೆ.”

ಅವನು ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಆಮೇಲೆ ಕೋಟು ಇಸ್ತ್ರಿ ಆಗಿದೆಯಾ ಅಂತ ಕೇಳಿದ. ಆಗಿತ್ತು.

ಅಕ್ಟೋಬರ್ 14, ಬೆಳಿಗ್ಗೆ

ತಂಡದ ಕೆಂಪು ಕೋಟು ಹಾಕಿಕೊಂಡು ಆಗಲೇ ಕಾರಿನಲ್ಲಿ ಕೂತಿದ್ದಾನೆ. ಅವನ ಕಣ್ಣು ಮಂಜಾಗಿದೆ, ಓಡಿಸುವುದು ನಾನೇ. ಸಭೆ ಹತ್ತು ಗಂಟೆಗೆ. ಮೊದಲು ರಾಯ್ಸ್ ಮಾತಾಡುತ್ತಾನೆ, ಆಮೇಲೆ ಲಮಾರ್ ತಾಯಿ. ಅವರ ನಂತರ ನಾನು.